ಅಡಿಕೆ ತೋಟದ ಹುಡುಗಿ ಕಡಲು ಕಾಯಬಹುದೇ?

ಪಿಯುಸಿ ಫಲಿತಾಂಶ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಳಿದ ದಿನ ‘ಈ ವರ್ಷ ತಾರ್ಲೆ ಮೀನು ಯಾಕೆ ಕಡಿಮೆ’ ಎಂದು ಕೇಳುವವರು ಈಗ ‘ಮಗಳಿಗೆ ಏನು ಓದಿಸಲಿ’ ಎಂದು ಕೇಳುತ್ತಾರೆ. ಕಡಲಿನ ಜೀವಿಗಳನ್ನು ಉಳಿಸುವ ಕೆಲಸಕ್ಕೆ ತರಬೇತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯೇ ಈ ಸಲ ಜಾಸ್ತಿ. ಐದು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕುವುದಿಲ್ಲ, ಊರು ಮಾತ್ರ.

ನಮ್ಮದು ಅಡಿಕೆ ತೋಟದ ಮನೆ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಆಮೆ, ಡಾಲ್ಫಿನ್ ಉಳಿಸುವ ಕೆಲಸವೇ ಬೇಕು ಅಂತ ಹಠ. ನಮ್ಮ ಮನೆಯಲ್ಲಿ ಮೀನು ತರುವ ಪದ್ಧತಿ ಇಲ್ಲ. ಮೀನು ಮುಟ್ಟದೆ ಈ ಓದು ಓದಬಹುದೇ? ಯಾವ ಕೋರ್ಸಿಗೆ ಸೇರಿಸಲಿ? – ಶಿರಸಿ

ಮುಟ್ಟದೆ ಆಗುವುದಿಲ್ಲ ಮಾರಾಯರೇ. ತಿನ್ನಬೇಕು ಅಂತ ಯಾರೂ ಹೇಳುವುದಿಲ್ಲ. ಆದರೆ ಕೈಯಲ್ಲಿ ಹಿಡಿಯಬೇಕು, ಕೊಯ್ಯಬೇಕು, ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಿ ಬರೆಯಬೇಕು. ನನ್ನ ಜೊತೆ ಓದಿದವರಲ್ಲಿ ಘಟ್ಟದ ಮೇಲಿನವರು ಇದ್ದರು. ಮೊದಲ ದಿನ ಮೂಗಿಗೆ ಕರವಸ್ತ್ರ ಹಿಡಿದು ನಿಂತವರು ಮೂರು ತಿಂಗಳಲ್ಲಿ ವಾಸನೆ ನೋಡಿಯೇ ಇದು ನಿನ್ನೆಯ ಮೀನು, ಇದು ಇವತ್ತಿನದು ಎನ್ನುತ್ತಿದ್ದರು. ಮಗಳನ್ನು ಒಂದು ಬೆಳಿಗ್ಗೆ ಕಾರವಾರದ ಬೈತಖೋಲ ಬಂದರಿಗೆ ಕರೆದುಕೊಂಡು ಬನ್ನಿ. ಎರಡು ತಾಸು ನಿಲ್ಲಲಿ. ಅಷ್ಟರ ಮೇಲೂ ಹಠ ಉಳಿದಿದ್ದರೆ ಅರ್ಜಿ ಹಾಕಿ.

ಕೋರ್ಸಿನ ಮಾತಿಗೆ ಮೊದಲು ಒಂದು ವಿಷಯ ಗೊತ್ತಿರಲಿ. ನಮ್ಮಲ್ಲಿ ಮೀನು ನೋಡಿಕೊಳ್ಳುವುದು ಮೀನುಗಾರಿಕೆ ಇಲಾಖೆ. ಆಮೆ, ಡಾಲ್ಫಿನ್, ತಿಮಿಂಗಿಲ ನೋಡಿಕೊಳ್ಳುವುದು ಅರಣ್ಯ ಇಲಾಖೆ. ಒಂದೇ ಬಲೆಗೆ ಎರಡೂ ಬೀಳುತ್ತವೆ, ಕಡತ ಮಾತ್ರ ಬೇರೆ ಬೇರೆ ಕಚೇರಿಗೆ ಹೋಗುತ್ತದೆ. ಹಾಗಾಗಿ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೇವೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ.

ಮೊದಲನೆಯ ಬಾಗಿಲು ಮಂಗಳೂರಿನ ಮೀನುಗಾರಿಕೆ ಕಾಲೇಜು. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಮೀನುಗಾರಿಕೆ ವಿಜ್ಞಾನದ ಪದವಿ ಬಿಎಫ್‌ಎಸ್‌ಸಿ ನಾಲ್ಕು ವರ್ಷ, ಸೀಟು ಸಿಇಟಿ ಮೂಲಕ. ನೀವು ತೋಟದವರು, ಕೃಷಿಕರ ಮಕ್ಕಳ ಕೋಟಾದ ವಿವರವನ್ನು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೈಪಿಡಿಯಲ್ಲಿ ಈಗಲೇ ನೋಡಿಕೊಳ್ಳಿ. ಕೊನೆಯ ದಿನ ದಾಖಲೆಗೆ ಓಡಾಡುವವರನ್ನು ಪ್ರತಿವರ್ಷ ನೋಡುತ್ತೇನೆ. ಎರಡನೆಯದು, ಊರಲ್ಲೇ ಪ್ರಾಣಿಶಾಸ್ತ್ರ ಇಟ್ಟುಕೊಂಡು ಬಿ.ಎಸ್‌ಸಿ ಮುಗಿಸಿ, ಆಮೇಲೆ ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಸಾಗರ ಜೀವಶಾಸ್ತ್ರ ಎಂ.ಎಸ್‌ಸಿ ಮಾಡುವುದು. ಕಡಲೂ ಕಾಳಿ ನದಿಯ ಅಳಿವೆಯೂ ಅಲ್ಲಿಗೆ ಹತ್ತಿರ. ಪ್ರಯೋಗಾಲಯಕ್ಕೆ ಬೇಕಾದ್ದನ್ನು ಪಾರ್ಸೆಲ್ ತರಿಸುವ ಗೋಜಿಲ್ಲ.

ಮೂರನೆಯದು ನಿಮ್ಮ ಮನೆ ಬಾಗಿಲಲ್ಲೇ ಇದೆ, ಶಿರಸಿಯ ಅರಣ್ಯ ಕಾಲೇಜು. ಮರ ಓದಿದವರಿಗೂ ಕಡಲಿಗೂ ಏನು ಸಂಬಂಧ ಅಂತೀರಾ? ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ. ಅದನ್ನು ನೋಡಿಕೊಳ್ಳುವವರು ಅರಣ್ಯ ಇಲಾಖೆಯವರೇ. ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಿಸುವವರೂ ಅವರೇ.

ಮಗಳಿಗೆ ಆಮೆ, ಡಾಲ್ಫಿನ್ನೇ ಬೇಕು ಅಂದರೆ ನಾನು ಎರಡನೆಯ ದಾರಿ ಹೇಳುತ್ತೇನೆ. ಸಂಬಳ ಬೇಗ ಬರಲಿ ಅಂದರೆ ಮೊದಲನೆಯದು. ಎಂ.ಎಸ್‌ಸಿ ಮುಗಿಸಿದ ಕೂಡಲೇ ಕಾಯಂ ಕೆಲಸ ಕಾದಿರುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಮೊದಲ ನಾಲ್ಕೈದು ವರ್ಷ ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಹುಡುಕಬೇಕು. ಇದನ್ನು ಮನೆಯವರು ಮೊದಲೇ ತಿಳಿದುಕೊಂಡಿದ್ದರೆ ಮದುವೆ ಮಾತುಕತೆಯ ಹೊತ್ತಿಗೆ ಜಗಳ ಕಡಿಮೆ.

ಹುಡುಗಿ ಅಂತ ಯೋಚಿಸುತ್ತಿದ್ದರೆ ಒಂದು ಮಾತು. ಬೋಟಿನಲ್ಲಿ ಗಂಡಸರು ಕಡಲಿಗೆ ಹೋಗುತ್ತಾರೆ, ಸರಿ. ಆದರೆ ದಡಕ್ಕೆ ಬಂದ ಮೀನಿನ ಪೂರ್ತಿ ಲೆಕ್ಕ ಇರುವುದು ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ. ಯಾವ ಮೀನು ಹತ್ತು ವರ್ಷದಿಂದ ಬಂದಿಲ್ಲ, ಯಾವುದು ಹೊಸದಾಗಿ ಬರುತ್ತಿದೆ ಎಂಬುದು ಅವರಿಗೆ ಬಾಯಿಪಾಠ. ಅವರು ನನಗೆ ಅರ್ಧ ಹೇಳುತ್ತಾರೆ. ನನ್ನ ವಿದ್ಯಾರ್ಥಿನಿಯರಿಗೆ ಪೂರ್ತಿ ಹೇಳುತ್ತಾರೆ, ಮೇಲೆ ಚಹಾ ಬೇರೆ.

ಬಿ.ಎಸ್‌ಸಿ ಕೊನೆಯ ವರ್ಷದಲ್ಲಿದ್ದೇನೆ. ಈ ಕ್ಷೇತ್ರಕ್ಕೆ ಬರಲು ಸ್ಕೂಬಾ ಕಲಿಯಲೇಬೇಕೇ? ಅದಿಲ್ಲದೆ ಯಾರೂ ತೆಗೆದುಕೊಳ್ಳುವುದಿಲ್ಲ ಅಂತಾರೆ. – ಅಂಕೋಲಾ

ಹವಳ, ಬಂಡೆ ಮೀನುಗಳ ಮೇಲೆ ಕೆಲಸ ಮಾಡುವುದಾದರೆ ಬೇಕು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ ಒಮ್ಮೆ ಮುಳುಗಿಸಿ ತರುತ್ತಾರಲ್ಲ, ಅದು ತರಬೇತಿ ಅಲ್ಲ, ಪ್ರವಾಸ. ‘ಓಪನ್ ವಾಟರ್’ ಎಂಬುದು ಮೊದಲ ಹಂತದ ಸರ್ಟಿಫಿಕೇಟ್. ಮೂರ್ನಾಲ್ಕು ದಿನ ಹಿಡಿಯುತ್ತದೆ, 18 ಮೀಟರ್ ಆಳದವರೆಗೆ ಇಳಿಯಬಹುದು. ಖರ್ಚಿದೆ. ಈಗಲೇ ಸಾಲ ಮಾಡಬೇಡಿ. ಮೊದಲು ಈಜು ಕಲಿಯಿರಿ. ಅಂಕೋಲಾದಲ್ಲಿದ್ದುಕೊಂಡು ಈಜು ಬಾರದ ವಿದ್ಯಾರ್ಥಿಗಳು ಎಷ್ಟು ಜನ ಗೊತ್ತಾ?

ಸ್ಕೂಬಾಕ್ಕಿಂತ ಮೊದಲು ಬೇಕಾದ್ದು ಅಳತೆ ಪಟ್ಟಿ ಮತ್ತು ನೋಟ್‌ಬುಕ್. ಬಂದರಿನಲ್ಲಿ ನಾವು ಕಲಿಸುವ ಮೊದಲ ಪಾಠ ಇಷ್ಟೇ: ಒಂದು ಬುಟ್ಟಿ ಬಂಗಡೆ ತೆಗೆದುಕೋ. ಆರಿಸಬೇಡ. ದೊಡ್ಡದು ಚೆನ್ನಾಗಿದೆ ಅಂತ ಅದನ್ನೇ ಎತ್ತಿದರೆ ಲೆಕ್ಕ ಅಲ್ಲೇ ಕೆಟ್ಟಿತು. ಕೈಗೆ ಸಿಕ್ಕಿದ್ದನ್ನು ಪಟ್ಟಿಯ ಮೇಲೆ ಮಲಗಿಸು, ಮೂತಿ ಪಟ್ಟಿಯ ತುದಿಯ ಅಡ್ಡ ಹಲಗೆಗೆ ತಾಗಲಿ, ಬಾಲದ ತುದಿ ಎಲ್ಲಿ ಬರುತ್ತದೆ ಬರೆ. ಆಮೇಲೆ ಹೊಟ್ಟೆ ಸೀಳಿ ಮೊಟ್ಟೆ ಚೀಲ ನೋಡು. ದಾರದ ಹಾಗೆ ತೆಳ್ಳಗಿದೆಯೋ, ಹೊಟ್ಟೆ ತುಂಬಿದೆಯೋ, ಖಾಲಿಯಾಗಿ ಜೋತು ಬಿದ್ದಿದೆಯೋ. ಬಂಗಡೆ ಸುಮಾರು 18–19 ಸೆಂಟಿಮೀಟರ್ ಆದಾಗ ಮೊದಲ ಸಲ ಮೊಟ್ಟೆ ಕಟ್ಟುತ್ತದೆ. ನಿಮ್ಮ ಬುಟ್ಟಿಯಲ್ಲಿ 12, 13 ಸೆಂಟಿಮೀಟರಿನವೇ ಜಾಸ್ತಿ ಇದ್ದರೆ? ಒಂದು ಸಲವೂ ಮೊಟ್ಟೆ ಇಡದ ಮೀನು ಮಾರಾಟಕ್ಕೆ ಬಂತು ಎಂದಾಯಿತು. ಇಂಥ ಲೆಕ್ಕ ನೂರಾರು ಬುಟ್ಟಿಯದ್ದು, ವರ್ಷಗಟ್ಟಲೆಯದ್ದು ಸೇರಿದ ಮೇಲೆಯೇ ‘ಇಷ್ಟಕ್ಕಿಂತ ಸಣ್ಣದನ್ನು ಹಿಡಿಯಬಾರದು’ ಎಂಬ ನಿಯಮ ಹುಟ್ಟುತ್ತದೆ. ಕೇರಳದಲ್ಲಿ ಬಂಗಡೆಗೆ 14, ತಾರ್ಲೆಗೆ 10 ಸೆಂಟಿಮೀಟರ್ ಎಂದು ಗೆರೆ ಎಳೆದದ್ದರ ಹಿಂದೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಆ ಸಂಸ್ಥೆಯ ಕೇಂದ್ರ ಕಾರವಾರದಲ್ಲೂ ಇದೆ. ಒಂದು ಪತ್ರ ಬರೆದು ನೋಡಿ. ನಿಮ್ಮ ಕಾಲೇಜಿನ ಪ್ರಾಧ್ಯಾಪಕರ ಸಹಿ ಇದ್ದರೆ ಒಳ್ಳೆಯದು.

ಎಸ್ಸೆಸ್ಸೆಲ್ಸಿ ಪಾಸು, ಮುಂದೆ ಓದಲಿಲ್ಲ. ಅಪ್ಪನ ಜೊತೆ ಬೋಟಿಗೆ ಹೋಗ್ತೇನೆ. ಕಡಲು ಉಳಿಸುವ ತರಬೇತಿ ಅಂದ್ರೆ ಬರೀ ಡಿಗ್ರಿ ಆದವರಿಗಾ? – ಕುಮಟಾ ತಾಲ್ಲೂಕು

ತಮ್ಮಾ, ನಿನ್ನ ಪತ್ರ ಓದಿ ಸಂತೋಷವಾಯಿತು. ಡಿಗ್ರಿ ಆದವರು ಐದು ವರ್ಷಕ್ಕೆ ಕಲಿಯುವುದರಲ್ಲಿ ಅರ್ಧ ನಿನಗೆ ಈಗಾಗಲೇ ಗೊತ್ತಿದೆ.

ಕೇಂದ್ರ ಸರಕಾರದ ಸಿಫ್‌ನೆಟ್ ಎಂಬ ಸಂಸ್ಥೆ ಕೊಚ್ಚಿಯಲ್ಲಿದೆ. ಚೆನ್ನೈ, ವಿಶಾಖಪಟ್ಟಣದಲ್ಲೂ ಅದರ ಘಟಕಗಳಿವೆ. ಹತ್ತನೇ ತರಗತಿ ಆದವರಿಗೆ ಅಲ್ಲಿ ವೆಸೆಲ್ ನ್ಯಾವಿಗೇಟರ್, ಮರೀನ್ ಫಿಟ್ಟರ್ ಎಂಬ ಎರಡು ವರ್ಷದ ಕೋರ್ಸ್ ಇವೆ. ಮೊದಲನೆಯದು ಬೋಟು ನಡೆಸುವವರಿಗೆ, ಎರಡನೆಯದು ಎಂಜಿನ್ ನೋಡಿಕೊಳ್ಳುವವರಿಗೆ. ಗಣಿತ, ವಿಜ್ಞಾನದ ಅಂಕ ಕೇಳುತ್ತಾರೆ. ‘ಇದು ಮೀನು ಹಿಡಿಯುವ ಕೋರ್ಸ್, ಉಳಿಸುವುದಲ್ಲ’ ಅಂತ ನೀನು ಅನ್ನಬಹುದು. ಆದರೆ ಬಲೆ ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಎಳೆಯಬೇಕು ಎಂದು ತೀರ್ಮಾನಿಸುವುದು ಚುಕ್ಕಾಣಿ ಹಿಡಿದವನು. ವಿಜ್ಞಾನಿ ಅಲ್ಲ.

ಬೋಟು ಎಳೆಯುವ ಟ್ರಾಲ್ ಬಲೆಯ ತುದಿಯ ಚೀಲ ನೀನು ನೋಡಿಯೇ ಇರುತ್ತೀ. ಕಣ್ಣು ವಜ್ರಾಕಾರದ್ದು. ಎಳೆದಾಗ ಏನಾಗುತ್ತದೆ? ಕಣ್ಣು ಮುಚ್ಚಿಕೊಳ್ಳುತ್ತದೆ, ಸಣ್ಣ ಮರಿಯೂ ಹೊರಗೆ ಹೋಗುವುದಿಲ್ಲ. ಅದೇ ಬಲೆಯನ್ನು ಚೌಕ ಕಣ್ಣಿನ ಹಾಗೆ ಕಟ್ಟಿದರೆ ಎಳೆದರೂ ತೆರೆದೇ ಇರುತ್ತದೆ, ಮರಿ ಪಾರಾಗುತ್ತದೆ. ಇನ್ನೊಂದು, ಆಮೆ ತಪ್ಪಿಸುವ ಸಾಧನ. ಬಲೆಯ ಕುತ್ತಿಗೆಯಲ್ಲಿ ಸರಳುಗಳ ಚೌಕಟ್ಟು, ಅದರ ಮೇಲೊಂದು ಬಾಗಿಲು. ಸಿಗಡಿ ಸರಳಿನ ಸಂದಿಯಲ್ಲಿ ಹಿಂದಕ್ಕೆ ಹೋಗುತ್ತದೆ, ಆಮೆ ಸರಳಿಗೆ ಬಡಿದು ಬಾಗಿಲಿನಿಂದ ಹೊರಗೆ. ಆಮೆ ನಮ್ಮ ಹಾಗೆ ಗಾಳಿ ಉಸಿರಾಡುವ ಪ್ರಾಣಿ ಅಲ್ವಾ, ಬಲೆಯೊಳಗೆ ತಾಸುಗಟ್ಟಲೆ ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತದೆ. ಇದರ ನಮ್ಮ ದೇಶದ ಮಾದರಿಯನ್ನು ಮಾಡಿದ್ದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ. ನಮ್ಮ ಬೋಟುಗಳಲ್ಲಿ ಈ ಸಾಧನ ಇಲ್ಲವೆಂದೇ ಅಮೆರಿಕ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುವುದನ್ನು ನಿಲ್ಲಿಸಿತು. ಇದನ್ನು ಕಟ್ಟಲು, ಸರಿಪಡಿಸಲು, ಬೇರೆಯವರಿಗೆ ತೋರಿಸಲು ಬರುವ ಹುಡುಗ ಪ್ರತಿ ಬಂದರಿಗೂ ಬೇಕು.

ನಿನ್ನ ಊರಿನ ಹತ್ತಿರದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಬಳಚು (ಚಿಪ್ಪು ಮೀನು) ಎಲ್ಲಿ ಕೂರುತ್ತದೆ, ಭರತ ಯಾವಾಗ, ಇಳಿತ ಯಾವಾಗ ಎಂದು ಗೊತ್ತಿರುವವರನ್ನು ಸಂಶೋಧಕರು ಹುಡುಕಿಕೊಂಡು ಬರುತ್ತಾರೆ. ಬಂದರೆ ಸುಮ್ನೆ ದೋಣಿ ನಡೆಸಿ ಕಳುಹಿಸಬೇಡ. ದಿನದ ಕೂಲಿ ಮೊದಲೇ ಮಾತಾಡು. ಜಿಪಿಎಸ್ ಹಿಡಿಯುವುದು, ಉಪ್ಪಿನಂಶ ಅಳೆಯುವುದು ಕಲಿಸಿ ಅನ್ನು. ವರದಿಯಲ್ಲಿ ಹೆಸರು ಹಾಕಿ ಅಂತಲೂ ಕೇಳು. ಕೇಳಿದರೆ ತಪ್ಪೇನಿಲ್ಲ.

‘ಹತ್ತು ದಿನದಲ್ಲಿ ಸಾಗರ ಸಂರಕ್ಷಣಾ ತಜ್ಞರಾಗಿ’ ಎಂಬ ಜಾಹೀರಾತು ನೋಡಿದೆ. ನಲವತ್ತು ಸಾವಿರ ಕೇಳುತ್ತಾರೆ. ಸೇರಲೇ? – ಭಟ್ಕಳ

ಹತ್ತು ದಿನದಲ್ಲಿ ಈಜು ಕಲಿಯುವುದೇ ಕಷ್ಟ. ನಾನೂ ಓದುವಾಗ ಇಂಥದ್ದೊಂದಕ್ಕೆ ಅಪ್ಪನ ಹತ್ತಿರ ಜಗಳ ಮಾಡಿ ದುಡ್ಡು ಕಟ್ಟಿದ್ದೆ. ಸಂಸ್ಥೆಯ ಹೆಸರು ಬೇಡ, ಈಗ ಅದು ಇಲ್ಲ. ಎರಡು ವಾರದಲ್ಲಿ ಒಮ್ಮೆಯೂ ನೀರಿಗೆ ಇಳಿಸಲಿಲ್ಲ. ಅವರ ಕರಪತ್ರ ಮಡಚಿ ಲಕೋಟೆಗೆ ಹಾಕುವುದೇ ನನ್ನ ಕೆಲಸವಾಯಿತು. ಬಂಗಾರದ ಅಂಚಿನ ಸರ್ಟಿಫಿಕೇಟ್ ಮಾತ್ರ ಸಿಕ್ಕಿತು. ಅಪ್ಪ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನನಗೆ ಬುದ್ಧಿ ಬರಲಿ ಅಂತಲೋ ಏನೋ.

ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ: ಕಲಿಸುವವರು ಯಾರು, ಅವರು ಈಗ ಯಾವ ಕೆಲಸದಲ್ಲಿದ್ದಾರೆ? ಕಡಲಿನಲ್ಲಿ ಅಥವಾ ದಡದಲ್ಲಿ ಎಷ್ಟು ತಾಸು? ಆಮೆ, ಹವಳ ಮುಟ್ಟಿಸುತ್ತೇವೆ ಎಂದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಇದೆಯೇ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಫೋನ್ ಇಟ್ಟುಬಿಡಿ. ಕಡಿಮೆ ಖರ್ಚಿನಲ್ಲಿ ಕಲಿಯುವ ಜಾಗಗಳೂ ಇವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಕಡಲ ಮಾಹಿತಿ ಬಳಸುವ ಬಗ್ಗೆ ಚಿಕ್ಕ ಕೋರ್ಸ್‌ಗಳು ನಡೆಯುತ್ತವೆ. ಎಂ.ಎಸ್‌ಸಿ ಪ್ರಬಂಧದ ಕೆಲಸಕ್ಕೆ ಗೋವಾದ ದೋನಾ ಪಾವ್ಲದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯನ್ನು ಕೇಳಬಹುದು. ಚೆನ್ನೈಯಲ್ಲಿ ವಿದ್ಯಾರ್ಥಿಗಳೇ ನಡೆಸುವ ಕಡಲಾಮೆ ಸಂರಕ್ಷಣಾ ಜಾಲ 1988ರಿಂದ ಆಮೆ ಗೂಡು ಹುಡುಕುತ್ತ ದಡದಲ್ಲಿ ರಾತ್ರಿ ನಡಿಗೆ ಮಾಡುತ್ತ ಬಂದಿದೆ. ಒಂದು ರಾತ್ರಿ ಅವರ ಜೊತೆ ನಡೆದರೆ ಕಾಲು ನೋಯುತ್ತದೆ, ಕಣ್ಣು ಪಳಗುತ್ತದೆ.

ಹೈಸ್ಕೂಲ್ ಶಿಕ್ಷಕ ನಾನು. ನಮ್ಮ ಕಡೆ ಬೀಚಿನಲ್ಲಿ ಆಮೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸಿಕ್ಕರೆ ಶಾಲೆಗೆ ತಂದು ಮರಳಿನಲ್ಲಿಟ್ಟು ಮಕ್ಕಳಿಗೆ ತೋರಿಸಬಹುದೇ? – ಹೊನ್ನಾವರ

ಬೇಡಿ ಮೇಷ್ಟ್ರೇ. ಕಡಲಾಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಅನುಮತಿ ಇಲ್ಲದೆ ಮೊಟ್ಟೆ ಎತ್ತಿದರೆ ಕೇಸು. ಆ ಭಯ ಬಿಡಿ, ಮರಿಗೇ ತೊಂದರೆ. ಇಟ್ಟ ಕೆಲವು ತಾಸಿನಲ್ಲಿ ಮೊಟ್ಟೆಯೊಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ, ಅಲುಗಾಡಿಸಿದರೆ ಸಾಯುತ್ತದೆ. ನಮ್ಮ ಕರಾವಳಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ. ಸುಮಾರು ನೂರು ಮೊಟ್ಟೆ, ಪಿಂಗ್‌ಪಾಂಗ್ ಚೆಂಡಿನ ಗಾತ್ರ. ಅದು ತೋಡುವ ಗುಂಡಿ ತಂಬಿಗೆಯ ಹಾಗೆ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿದ ಮೇಲೆ ಮೈಯನ್ನು ಆ ಕಡೆ ಈ ಕಡೆ ಬಡಿದು ಮರಳನ್ನು ದಮ್ಮಸು ಮಾಡುತ್ತದೆ. ಒಮ್ಮೆ ಹತ್ತಿರದಿಂದ ಕೇಳಿದ್ದೇನೆ, ದೂರದಲ್ಲಿ ಯಾರೋ ಡೋಲು ಬಡಿದ ಹಾಗಿರುತ್ತದೆ.

ಗೂಡು ಅಪಾಯದ ಜಾಗದಲ್ಲಿದ್ದರೆ ಅರಣ್ಯ ಸಿಬ್ಬಂದಿ ಆ ರಾತ್ರಿಯೇ ಅಂಥದ್ದೇ ತಂಬಿಗೆ ಗುಂಡಿ ತೋಡಿ ಬೇಲಿಯೊಳಗೆ ಇಡುತ್ತಾರೆ. ಇದನ್ನು ಮಾಡಲು ತರಬೇತಿ ಬೇಕು. ಗುಂಡಿ ಆಳ ತಪ್ಪಿದರೆ ಬಿಸಿಯೂ ತಪ್ಪುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದೇ ಆ ಬಿಸಿ: ಹೆಚ್ಚು ಕಾದರೆ ಹೆಣ್ಣು, ತಂಪಿದ್ದರೆ ಗಂಡು.

ಮಕ್ಕಳಿಗೆ ಕೆಲಸ ಇಲ್ಲವೇ? ಧಾರಾಳ ಇದೆ. ವಲಯ ಅರಣ್ಯಾಧಿಕಾರಿಗೆ ಶಾಲೆಯ ಪತ್ರ ಕೊಟ್ಟು, ಡಿಸೆಂಬರಿನಿಂದ ಮಾರ್ಚಿನವರೆಗೆ ಸಿಬ್ಬಂದಿಯ ಜೊತೆ ಬೆಳಗಿನ ನಡಿಗೆಗೆ ಕಳುಹಿಸಿ. ಮರಳಿನ ಮೇಲಿನ ಜಾಡು ಗುರುತಿಸಲು ಕಲಿಯುತ್ತಾರೆ. ದಡದ ಮನೆ, ರೆಸಾರ್ಟುಗಳಿಗೆ ಹೋಗಿ ರಾತ್ರಿ ಕಡಲಿನ ಕಡೆಯ ದೀಪ ಆರಿಸಿ ಅಂತ ಕೇಳಲಿ. ಮರಿಗಳು ಬೆಳಕಿನ ಕಡೆ ಹೋಗುತ್ತವೆ, ರಸ್ತೆ ದೀಪ ಕಂಡರೆ ಕಡಲು ಬಿಟ್ಟು ರಸ್ತೆಗೆ ಬರುತ್ತವೆ. ಮರಿ ಹೊರಡುವ ದಿನ ಯಾರೂ ಬುಟ್ಟಿಯಲ್ಲಿ ತುಂಬಿ ನೀರಿಗೆ ಸುರಿಯುವುದು ಬೇಡ, ಮರಳಿನ ಮೇಲೆ ತಾವೇ ನಡೆದು ಹೋಗಲಿ. ಫೋಟೋಕ್ಕೆ ಫ್ಲಾಶ್ ಬೇಡ.

ಎಲ್ಲ ಮುಗಿದ ಮೇಲೆ ಸಿಬ್ಬಂದಿ ಗೂಡು ಬಗೆದು ನೋಡುತ್ತಾರೆ. ಒಡೆದ ಚಿಪ್ಪು ಎಷ್ಟು, ಒಡೆಯದ ಮೊಟ್ಟೆ ಎಷ್ಟು, ಒಳಗೇ ಸತ್ತ ಮರಿ ಎಷ್ಟು. ಆ ಎಣಿಕೆಗೆ ನಿಮ್ಮ ಎಂಟನೇ ತರಗತಿಯನ್ನು ಕೂರಿಸಿ, ಶೇಕಡಾವಾರು ಲೆಕ್ಕ ಅಲ್ಲೇ ಮಾಡಿಸಿ. ಕೈಗವಸು ತನ್ನಿ. ಒಡೆಯದ ಮೊಟ್ಟೆಯ ವಾಸನೆ ಎರಡು ದಿನ ಬಿಡುವುದಿಲ್ಲ.