ಯಾಕಿಸೋಬಾ ಮುದ್ದೆಯಾಗದಿರಲು

ಪ್ರಶ್ನೆ: ಜಪಾನಿನ ಯಾಕಿಸೋಬಾ ಎಂಬ ಹುರಿದ ನೂಡಲ್ಸನ್ನು ಎರಡು ಸಲ ಮಾಡಿದೆ. ಬಕ್‌ವೀಟ್ ಸೋಬಾ ತಂದು ಬೇಯಿಸಿ, ತರಕಾರಿ ಮತ್ತು ಸಾಸ್ ಹಾಕಿ ಹುರಿದರೆ ಎಳೆಗಳೆಲ್ಲ ತುಂಡಾಗಿ, ತಳದಲ್ಲಿ ನೀರು ನಿಂತು ಮುದ್ದೆಯಾಗುತ್ತದೆ. ಏನು ಮಾಡಲಿ?
— ಓದುಗರು, ಶಿವಮೊಗ್ಗ

ಉತ್ತರ: ಹೆಸರೇ ನಿಮ್ಮನ್ನು ದಾರಿ ತಪ್ಪಿಸಿದೆ. ಸೋಬಾ ಎಂದರೆ ಬಕ್‌ವೀಟ್, ಅಂದರೆ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು. ಆದರೆ ಯಾಕಿಸೋಬಾಕ್ಕೆ ಜಪಾನಿನಲ್ಲಿ ಬಳಸುವುದು ಚೀನೀ ಮಾದರಿಯ ಗೋಧಿ ನೂಡಲ್ಸ್. ಅದರ ಹಿಟ್ಟಿಗೆ ಕಾನ್ಸುಯಿ ಎಂಬ ಕ್ಷಾರವನ್ನು, ಎಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟುಗಳನ್ನು, ಸೇರಿಸುವುದರಿಂದ ಎಳೆಗಳಿಗೆ ತಿಳಿಹಳದಿ ಬಣ್ಣವೂ ಸುಲಭಕ್ಕೆ ತುಂಡಾಗದ ಬಿಗುವೂ ಬರುತ್ತವೆ. ಬಕ್‌ವೀಟ್‌ನಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ. ಬಕ್‌ವೀಟ್ ಹೆಚ್ಚಿರುವ ಸೋಬಾ ಸೌಟಿನ ತಿರುವಿಗೆ ಮುರಿಯುವುದು ಸಹಜ.

ನಮ್ಮಲ್ಲಿ ಸಿಗುವ ಹಕ್ಕಾ ನೂಡಲ್ಸ್ ಸಾಕು. ಅದೂ ಸಿಗದಿದ್ದರೆ ತೆಳು ಸ್ಪಗೆಟ್ಟಿಯನ್ನು 1 ಲೀಟರ್ ನೀರಿಗೆ 1 ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ. ಕ್ಷಾರದಿಂದಾಗಿ ಅದಕ್ಕೂ ಆ ಬಿಗುವು ಬರುತ್ತದೆ. ಸೋಡಾ ಬಿದ್ದೊಡನೆ ನೀರು ಉಕ್ಕುವುದರಿಂದ ಪಾತ್ರೆ ದೊಡ್ಡದಿರಲಿ, ಬೆಂದ ಮೇಲೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಇನ್ನು ನೀರಿನ ವಿಷಯ. ಜಪಾನಿನ ಜಾತ್ರೆಗಳಲ್ಲಿ ಇದನ್ನು ತೆಪ್ಪಾನ್ ಎಂಬ ಅಗಲವಾದ ಕಬ್ಬಿಣದ ಹಲಗೆಯ ಮೇಲೆ ಹುರಿಯುತ್ತಾರೆ. ಅಷ್ಟು ಅಗಲದಲ್ಲಿ ತರಕಾರಿ ಬಿಟ್ಟ ನೀರು ನಿಲ್ಲದೆ ಆರುತ್ತದೆ. ಆಳದ ಬಾಣಲೆಯಲ್ಲಿ ನಾಲ್ಕು ಜನರಿಗೆ ಆಗುವಷ್ಟನ್ನು ಒಟ್ಟಿಗೆ ಸುರಿದರೆ ಅದು ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ. ಆದ್ದರಿಂದ ದೋಸೆಯ ಎರಕದ ಕಾವಲಿಯನ್ನೇ ಬಳಸಿ, ಒಮ್ಮೆಗೆ ಇಬ್ಬರಿಗೆ ಮಾತ್ರ ಮಾಡಿ. ಬೆಂದ ನೂಡಲ್ಸ್ ತಲೆಗೆ 150 ಗ್ರಾಂ ಸಾಕು. ನೀರು ಬಸಿದ ನೂಡಲ್ಸನ್ನು ಮೊದಲು ಎಣ್ಣೆ ಸವರಿದ ಬಿಸಿ ಕಾವಲಿಯಲ್ಲಿ ಹರಡಿ, ಎರಡು ನಿಮಿಷ ಕೈ ಹಚ್ಚದೆ ಬಿಡಿ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆದಿಟ್ಟು, ಅದೇ ಕಾವಲಿಯಲ್ಲಿ ಈರುಳ್ಳಿ, ಕ್ಯಾರೆಟ್, ಕೊನೆಗೆ ದಪ್ಪಗೆ ಹೆಚ್ಚಿದ ಎಲೆಕೋಸನ್ನು ದೊಡ್ಡ ಉರಿಯಲ್ಲಿ ಹುರಿಯಿರಿ. ಎಲೆಕೋಸಿನ ದಂಟು ಇನ್ನೂ ಕರುಕುರು ಎನ್ನುತ್ತಿರುವಾಗಲೇ ನೂಡಲ್ಸ್ ಮರಳಿಸಿ, ಸಾಸನ್ನು ನೂಡಲ್ಸ್ ಮೇಲೆ ಹಾಕದೆ ಕಾವಲಿಯ ಬರಿ ಜಾಗಕ್ಕೆ ಬಿಡಿ. ಅದು ಚುರ್ರೆಂದು ನೊರೆಯೆದ್ದು, ಅಂಚು ಕಪ್ಪಾಗುವ ಹೊತ್ತಿಗೆ ಬರುವ ಹುಳಿಸಿಹಿ ಘಮವೇ ಯಾಕಿಸೋಬಾದ ಜೀವ. ಅಲ್ಲಿಂದ ಅರ್ಧ ನಿಮಿಷ ಕಲಸಿ ಇಳಿಸಿ. ಉಪ್ಪನ್ನು ತರಕಾರಿಗೆ ಮೊದಲೇ ಹಾಕಬೇಡಿ. ನೀರು ಬಿಡಿಸುವುದೇ ಅದು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಈ ಸಾಸಿಗೆ ಏನು ಬದಲಿ?
— ಓದುಗರು, ಧಾರವಾಡ

ಉತ್ತರ: ಯಾಕಿಸೋಬಾ ಸಾಸಿನ ಮೂಲ ಇಂಗ್ಲೆಂಡಿನ ವೂಸ್ಟರ್ ಸಾಸ್. ಅದರಲ್ಲಿ ನಮ್ಮ ಹುಣಸೆಹಣ್ಣೂ ಇದೆ, ಆಂಚೋವಿ ಮೀನೂ ಇದೆ. ಬಾಟಲಿಯಲ್ಲಿ ಕೊಳ್ಳುವ ಸಾಸಿಗೆ ಮೀನು ಅಥವಾ ಆಯ್‌ಸ್ಟರ್ ಸೇರಿರಬಹುದಾದ್ದರಿಂದ ಚೀಟಿಯನ್ನು ಪೂರ್ತಿ ಓದಿಯೇ ಕೊಳ್ಳಿ. ನಾನಂತೂ ಇಬ್ಬರಿಗೆ 2 ದೊಡ್ಡ ಚಮಚ ಟೊಮೆಟೊ ಕೆಚಪ್, 1 ದೊಡ್ಡ ಚಮಚ ಸೋಯಾ ಸಾಸ್, 2 ಚಿಕ್ಕ ಚಮಚ ಗಟ್ಟಿ ಹುಣಸೆರಸ, 1 ಚಿಕ್ಕ ಚಮಚ ಬೆಲ್ಲ, ಚಿಟಿಕೆ ಮೆಣಸು ಮತ್ತು ಲವಂಗದ ಪುಡಿ ಕಲಸುತ್ತೇನೆ. ಹುಳಿಸಿಹಿಯ ಹದ ಮೂಲಕ್ಕೆ ಬಹಳ ಹತ್ತಿರ ಬರುತ್ತದೆ. ಮೇಲೆ ಉದುರಿಸುವ ಕಾತ್ಸುಒಬುಶಿ ಒಣಮೀನಿನ ಎಸಳು, ಅದನ್ನು ಬಿಟ್ಟುಬಿಡಿ. ಅಓನೋರಿ ಎಂಬ ಹಸಿರು ಪುಡಿ ಕಡಲಪಾಚಿಯದು, ಅದು ನಿಮಗೆ ಸಲ್ಲುತ್ತದೆ. ಬೆನಿ ಶೋಗಾ ಎಂಬ ಕೆಂಪು ಶುಂಠಿಗೆ ಬದಲಾಗಿ ಎಳೆ ಶುಂಠಿಯನ್ನು ಎಳೆ ಎಳೆಯಾಗಿ ಹೆಚ್ಚಿ, ವಿನೆಗರ್ ಮತ್ತು ಉಪ್ಪಿನಲ್ಲಿ ಒಂದು ಗಂಟೆ ನೆನೆಸಿ ಬಳಸಬಹುದು.

ಪ್ರಶ್ನೆ: ಮೇಲೆ ಮೊಟ್ಟೆ ಇಡುವುದು ವಾಡಿಕೆಯೇ?
— ಓದುಗರು, ಮೈಸೂರು

ಉತ್ತರ: ಹೌದು. ಅಕಿತಾ ಪ್ರಾಂತ್ಯದ ಯೊಕೊತೆ ಊರಿನ ಯಾಕಿಸೋಬಾಕ್ಕೆ ಒಂದೇ ಬದಿ ಕಾಯಿಸಿದ ಮೊಟ್ಟೆಯೇ ಗುರುತು. ಅದನ್ನು ಬೇರೆ ಕಾವಲಿಯಲ್ಲಿ ಕಾಯಿಸಿ, ಹಳದಿ ಲೋಳೆ ಮೆತ್ತಗಿರುವಾಗಲೇ ನೂಡಲ್ಸ್ ಮೇಲಿಟ್ಟು, ತಿನ್ನುವಾಗ ಒಡೆದುಕೊಳ್ಳಬೇಕು.