ಓದುಗರ ಕಟ್ಟೆ: ಮತ ಜಾಸ್ತಿ ಬಂದವರು ಸೋತಿದ್ದು ಹೇಗೆ?

ಈ ಸಲ ಬಂದ ಕಾಗದ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಗ್ರಾಮ ಪಂಚಾಯಿತಿ ಫಲಿತಾಂಶದ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆಯಲ್ಲಿ ಬೇರೆ ವಿಷಯ ಇಲ್ಲ. “ನಮ್ಮೂರಿನ ಇಂಥವರು ದುಡ್ಡು ಹಂಚಿದ್ದಾರೆ, ಹೆಸರು ಹಾಕಿ ಬರೀರಿ” ಅಂತ ಕೇಳಿದವರು ಬೇಸರ ಮಾಡ್ಕೋಬೇಡಿ, ಅದು ಈ ಅಂಕಣದ ಕೆಲಸ ಅಲ್ಲ.

ನಮ್ಮದು ಮೂರು ಸೀಟಿನ ವಾರ್ಡು. ನಮ್ಮ ಕಾಕಾ ಎಲ್ಲರಿಗಿಂತ ಎರಡನೇ ಅತಿ ಹೆಚ್ಚು ಮತ ತಗೊಂಡ್ರು. ಆದ್ರೂ ಸೋತ್ರು, ನಾಲ್ಕನೇ ನಂಬರಿನಲ್ಲಿ ಇದ್ದವರು ಗೆದ್ರು. ಇದೇನು ನ್ಯಾಯ ಸರ್?
– ಚಿತ್ತಾಪುರ ತಾಲ್ಲೂಕಿನ ಓದುಗರು

ಇದೇ ಪ್ರಶ್ನೆ ಬೇರೆ ಬೇರೆ ಊರಿಂದ ಬಂದಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನೋದು ಗ್ರಾಮ ಪಂಚಾಯಿತಿ ಲೆಕ್ಕ. ಊರು ದೊಡ್ಡದಾದರೆ ಒಂದೇ ಕ್ಷೇತ್ರಕ್ಕೆ ಎರಡು, ಮೂರು, ನಾಲ್ಕು ಸೀಟು ಬರುತ್ತವೆ. ಆ ಸೀಟುಗಳು ಒಂದೇ ತರ ಇರೋದಿಲ್ಲ. ನಿಮ್ಮ ವಾರ್ಡಿನಲ್ಲಿ ಒಂದು ಪರಿಶಿಷ್ಟ ಜಾತಿಗೆ, ಒಂದು ಸಾಮಾನ್ಯ ಮಹಿಳೆಗೆ, ಒಂದು ಸಾಮಾನ್ಯ ಅಂತ ಇದೆ ಅಂದುಕೊಳ್ಳಿ. ಮೀಸಲು ಸೀಟು ಸಿಗೋದು ಆ ವರ್ಗದವರಲ್ಲಿ ಯಾರಿಗೆ ಜಾಸ್ತಿ ಮತ ಬಂದಿದೆಯೋ ಅವರಿಗೆ, ಇಡೀ ವಾರ್ಡಿನಲ್ಲಿ ಅವರು ಎಷ್ಟನೇ ನಂಬರು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಹಾಗಾಗಿ ಮೂರನೇ ನಂಬರಿನ ಹೆಣ್ಣುಮಗಳು ಮಹಿಳಾ ಸೀಟಿಗೆ ಹೋದರು, ನಾಲ್ಕನೇ ನಂಬರಿನವರು ಪರಿಶಿಷ್ಟ ಜಾತಿ ಸೀಟಿಗೆ ಹೋದರು. ನಿಮ್ಮ ಕಾಕಾ ಗೆಲ್ಲೋಕೆ ಇದ್ದಿದ್ದು ಒಂದೇ ಸೀಟು, ಅದಕ್ಕೆ ಅವರ ಎದುರಾಳಿ ಒಂದನೇ ನಂಬರಿನವರು. ಅಂದರೆ ನಾಲ್ಕನೇ ನಂಬರಿನವರು ಕಾಕಾನ ಸೀಟು ಕಸಿದುಕೊಂಡಿಲ್ಲ. ಅವರ ಮನೆ ಮುಂದೆ ಹೋಗಿ ಕೂಗಾಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮೂರು ಸೀಟಿದ್ದರೆ ಮತದಾರನಿಗೆ ಮೂರು ಮತ. ಒಬ್ಬರಿಗೆ ಒಂದೇ ಹಾಕಬೇಕು, ಮೂರೂ ಹಾಕಲೇಬೇಕು ಅಂತೇನಿಲ್ಲ. ಕಾಕಾನ ಕಡೆಯವರು ಮೊದಲ ಮತ ಕಾಕಾಗೆ ಒತ್ತಿ, ಉಳಿದ ಎರಡರಲ್ಲಿ ಒಂದನ್ನು “ಇವನೂ ನಮ್ಮವನೇ ಬಿಡು” ಅಂತ ಒಂದನೇ ನಂಬರಿನವರಿಗೆ ಒತ್ತಿರ್ತಾರೆ. ಕಾಕಾ ಸೋತಿದ್ದು ಬಹುಶಃ ಅಲ್ಲಿಯೇ! ಪಳಗಿದವರು ಇದಕ್ಕೇ ಮನೆಮನೆಗೆ ಹೋಗಿ “ನಮಗೊಂದು ಒತ್ರಿ, ಉಳಿದದ್ದು ಯಾರಿಗೂ ಬ್ಯಾಡ” ಅಂತ ಹೇಳಿ ಬರ್ತಾರೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯೋಕೆ ಹೋದವರನ್ನು ಕ್ರೂಸರ್ ಮಾಡಿ ಕರೆಸೋದರಲ್ಲಿ ತೋರಿಸುವ ಹುರುಪಿನಲ್ಲಿ ಕಾಲು ಭಾಗ ಇದನ್ನು ವಿವರಿಸೋಕೆ ತೋರಿಸಿದ್ದರೆ ಎಷ್ಟೋ ಫಲಿತಾಂಶ ಬೇರೆ ಆಗ್ತಿತ್ತು ಅನ್ನೋದು ನನ್ನ ಅನಿಸಿಕೆ.

ಫಲಿತಾಂಶದ ದಿನ ನಮ್ಮ ತಾಲ್ಲೂಕಿನಲ್ಲಿ ಎರಡೂ ಪಕ್ಷದವರು ಗುಲಾಲು ಎರಚಿದರು. ನಿಜವಾಗಿ ಗೆದ್ದಿದ್ದು ಯಾರು?
– ಭಾಲ್ಕಿ

ಗುಲಾಲು ಮಾರಿದವರು.

ತಮಾಷೆ ಸಾಕು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷವೇ ಇಲ್ಲ. ಪಕ್ಷದ ಚಿಹ್ನೆ ಕೊಡೋದಿಲ್ಲ, ಗೆದ್ದವರ ಪಟ್ಟಿಯಲ್ಲೂ ಪಕ್ಷದ ಹೆಸರು ಇರೋದಿಲ್ಲ. 2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದ 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಮತದಾನ ನಡೆದು 30ಕ್ಕೆ ಎಣಿಕೆ ಆಯಿತು. ಅವತ್ತು ಸಂಜೆ ಹೊತ್ತಿಗೆ ಬಿಜೆಪಿಯವರೂ ನಾವೇ ಅಂದರು, ಕಾಂಗ್ರೆಸ್ಸಿನವರೂ ನಾವೇ ಅಂದರು. ಇಬ್ಬರನ್ನೂ ಸುಳ್ಳು ಅನ್ನೋಕೆ ನಿಮ್ಮ ಹತ್ತಿರ ಕಾಗದ ಇಲ್ಲ, ಅದೇ ಅವರ ಅನುಕೂಲ. ಪಕ್ಷದ ಚಿಹ್ನೆ ಇರೋದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ. ಅವು 2016ರ ಫೆಬ್ರವರಿಯಲ್ಲಿ ನಡೆದವು, ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಇದ್ದವು. ಅಲ್ಲಿ ಬಲ ತೋರಿಸೋಕೆ ಆಗದವರು ಹಳ್ಳಿ ಸದಸ್ಯರ ತಲೆ ಎಣಿಸಿ ಸಮಾಧಾನ ಮಾಡಿಕೊಳ್ತಾರೆ.

ಪಕ್ಷದ ಚಿಹ್ನೆ ಇದ್ದರೂ ಫಲಿತಾಂಶ ನೋಡಿ ಕುರ್ಚಿ ಯಾರದು ಅಂತ ಹೇಳೋಕೆ ಆಗಲ್ಲ. ಪಟ್ಟಣದ ಉದಾಹರಣೆ ಕೊಡ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರರು 1. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ, ಆಗಿದ್ದು ಬಿಜೆಪಿಯವರು. ಅಲ್ಲಿ ಶಾಸಕರು, ಸಂಸದರಿಗೂ ಮತ ಇದೆಯಲ್ವಾ!

2020ರಲ್ಲಿ ನಮ್ಮಲ್ಲಿ ಫಲಿತಾಂಶ ಬೇಗ ಬಂತು. ಕಲಬುರಗಿ ಕಡೆ ನನ್ನ ತಂಗಿ ಕೊಟ್ಟ ಊರಲ್ಲಿ ರಾತ್ರಿ ಆದರೂ ಎಣಿಸ್ತಾನೇ ಇದ್ದರು. ಏನಾದರೂ ಗೋಲ್‌ಮಾಲ್?
– ಔರಾದ್

ಗೋಲ್‌ಮಾಲ್ ಅಲ್ಲ. ಆಗ ಇಡೀ ರಾಜ್ಯದಲ್ಲಿ ನಿಮ್ಮ ಬೀದರ್ ಜಿಲ್ಲೆಗೆ ಮಾತ್ರ ಮತಯಂತ್ರ, ಉಳಿದ ಕಡೆ ಎಲ್ಲ ಮತಪತ್ರ. ಮತಪತ್ರ ಎಣಿಸುವ ಟೇಬಲ್ಲು ನೋಡಿದವರಿಗೆ ತಡ ಯಾಕೆ ಅಂತ ಗೊತ್ತಾಗುತ್ತೆ. ಮಡಿಸಿದ್ದನ್ನು ಬಿಚ್ಚಬೇಕು, ಕಟ್ಟು ಕಟ್ಟಬೇಕು. ಒಂದೊಂದು ಚೀಟಿಯಲ್ಲಿ ನಾಲ್ಕರವರೆಗೂ ಮುದ್ರೆ ಇರುತ್ತೆ, ಒಂದೊಂದನ್ನೂ ಬೇರೆ ಬೇರೆ ಹೆಸರಿನ ಮುಂದೆ ಗೀಟು ಹಾಕಿ ಬರೆಯಬೇಕು. ಜಾಲರಿ ಆಚೆ ಏಜೆಂಟರು ಕತ್ತು ಚಾಚಿ “ಸರ, ಅದನ್ನ ಇನ್ನೊಮ್ಮೆ ತೋರಿಸ್ರಿ” ಅಂತ ಕೂಗ್ತಾನೇ ಇರ್ತಾರೆ. ಶಾಯಿ ಒಣಗೋ ಮುಂಚೆ ಮಡಿಸಿದ ಚೀಟಿಯಲ್ಲಿ ಆಚೆ ಕಡೆಯೂ ಮಸುಕು ಗುರುತು ಮೂಡಿರುತ್ತೆ. ಅದು ಎರಡನೇ ಮತವೋ, ಮಡಿಕೆಯ ಕಲೆಯೋ ಅಂತ ಶುರುವಾದರೆ ಅರ್ಧ ಗಂಟೆ ಅಲ್ಲೇ ಹೋಯ್ತು. ಇರೋ ಸೀಟಿಗಿಂತ ಜಾಸ್ತಿ ಜನರಿಗೆ ಒತ್ತಿದ್ದರೆ ಮಾತ್ರ ಇಡೀ ಚೀಟಿ ಕುಲಗೆಟ್ಟಿದ್ದು, ಅಲ್ಲಿ ವಾದಕ್ಕೆ ಜಾಗ ಇಲ್ಲ.

ನಾನು ಗೆದ್ದೆ, ಅಧ್ಯಕ್ಷೆಯೂ ಆದೆ. ಆದರೆ ಮನೆಯವರು “ನೀ ಸುಮ್ನೆ ಸಹಿ ಮಾಡು, ಉಳಿದದ್ದು ನಾ ನೋಡ್ಕೋತೀನಿ” ಅಂತಾರೆ. ಸಭೆಗೂ ಅವರೇ ಬಂದು ಕೂರ್ತಾರೆ. ಜಗಳ ಮಾಡೋಕೆ ಮನಸ್ಸಿಲ್ಲ. ಏನು ಮಾಡಲಿ?
– ಹೆಸರು ಬೇಡ, ಸುರಪುರ ತಾಲ್ಲೂಕು

ಅಕ್ಕಾ, ಮೊದಲು ಒಂದು ಕೇಳ್ತೇನೆ: ಡಾಂಗಲ್ ಯಾರ ಜೇಬಿನಲ್ಲಿದೆ?

ಪಂಚಾಯಿತಿ ಬಿಲ್ಲು ಪಾಸಾಗೋದು ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಸಹಿಯಿಂದ, ಈಗ ಅದು ಡಿಜಿಟಲ್ ಸಹಿ, ಕಂಪ್ಯೂಟರಿಗೆ ಡಾಂಗಲ್ ಚುಚ್ಚಿ ಹಾಕೋದು. ಆ ಪುಟ್ಟ ಡಾಂಗಲ್ ನಿಮ್ಮ ಯಜಮಾನರ ಅಂಗಿ ಜೇಬಿನಲ್ಲೋ, ಆಫೀಸಿನ ಕಂಪ್ಯೂಟರಿನಲ್ಲೇ ಚುಚ್ಚಿಯೋ ಇದ್ದರೆ, ನೀವು ರೊಟ್ಟಿ ಬಡಿಯುವಾಗಲೂ ನಿಮ್ಮ ಸಹಿ ಬೀಳ್ತಾ ಇರುತ್ತೆ. ನಾಳೆ ಮಾಡದ ಚರಂಡಿಗೆ ಬಿಲ್ಲು ಹೋಗಿದೆ ಅಂತ ತನಿಖೆ ಬಂದರೆ ನೋಟಿಸು ಬರೋದು ನಿಮ್ಮ ಹೆಸರಿಗೆ, ಅವರ ಹೆಸರಿಗಲ್ಲ. ಜಗಳ ಬೇಡ ಅಂದ್ರಲ್ಲ, ಹೀಗೇ ಹೇಳಿ ಮನೆಯಲ್ಲಿ: “ಜೈಲಿಗೆ ಹೋಗೋಳು ನಾನು, ಅದಕ್ಕೆ ಓದಿ ಸಹಿ ಮಾಡ್ತೀನಿ.” ಇದಕ್ಕೆ ಯಾವ ಗಂಡನ ಹತ್ತಿರವೂ ಉತ್ತರ ಇರಲ್ಲ.

ಸಭೆಯಲ್ಲಿ ಅಧ್ಯಕ್ಷೆಯ ಗಂಡನಿಗೆ, ಮಗನಿಗೆ, ಮೈದುನನಿಗೆ ಕುರ್ಚಿ ಇಲ್ಲ. ಸರ್ಕಾರ ಈ ಬಗ್ಗೆ ಸುತ್ತೋಲೆಗಳನ್ನೇ ಹೊರಡಿಸಿದೆ. ನಿಮಗೆ ಹೇಳೋಕೆ ಸಂಕೋಚ ಆದರೆ ಪಿಡಿಒಗೆ ಹೇಳಿ, ಸುತ್ತೋಲೆ ತೋರಿಸೋದು ಅವರ ಕೆಲಸ. ಠರಾವು ಪುಸ್ತಕವನ್ನು ಸಭೆ ಮುಗಿದ ಮೇಲೆ ಅಲ್ಲೇ ಓದಿಸಿ, ಕೊನೆ ಸಾಲಿನ ಕೆಳಗೆ ಖಾಲಿ ಜಾಗ ಬಿಡದೆ ಸಹಿ ಹಾಕಿ. ಓದೋಕೆ ಕಷ್ಟ ಆದರೆ ಮಗಳನ್ನೋ, ಊರಿನ ಆಶಾ ಕಾರ್ಯಕರ್ತೆಯನ್ನೋ ಕೂರಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದು, ನಿಮ್ಮ ಪಕ್ಕದ ಪಂಚಾಯಿತಿಯಲ್ಲೂ ನಿಮ್ಮಂಥವರು ಇದ್ದೇ ಇರ್ತಾರೆ. ಅವರ ಫೋನ್ ನಂಬರು ತಗೊಳ್ಳಿ. ಮತ್ತೆ ಬರೀರಿ, ಹೆಸರು ಹಾಕಲ್ಲ.

ನಮ್ಮ ಕ್ಯಾಂಡಿಡೇಟ್ ಕಡಿಮೆ ಅಂತರದಲ್ಲಿ ಸೋತ. ಈಗ ಮರುಎಣಿಕೆ ಕೇಳಬಹುದಾ?
– ಆಳಂದ

ಫಲಿತಾಂಶ ಘೋಷಣೆ ಆಯ್ತಲ್ಲ, ಈಗ ಆಗಲ್ಲ. ಘೋಷಣೆಗೆ ಮುಂಚೆ ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ಕೇಳಬೇಕಿತ್ತು. ಈಗ ಉಳಿದಿರೋದು ಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ, ಅದೂ ಘೋಷಣೆ ಆದ 30 ದಿನದೊಳಗೆ. ಬರೀ ಅನುಮಾನ ಹಿಡಿದುಕೊಂಡು ಹೋಗಬೇಡಿ. ಎಣಿಕೆ ಟೇಬಲ್ಲಿನಲ್ಲಿ ನಿಮ್ಮ ಏಜೆಂಟ್ ಏನು ಬರೆದುಕೊಂಡಿದ್ದ ಅಂತ ಮೊದಲು ಅವನನ್ನು ಕೇಳಿ. (ಊಟಕ್ಕೆ ಹೋಗಿದ್ದೆ ಅಂದರೆ ಅಲ್ಲಿಗೆ ಬಿಟ್ಟುಬಿಡಿ.)

ಗೆದ್ದ ನಮ್ಮ ಮೆಂಬರು ಗುಲಾಲು ತೊಳ್ಕೊಳ್ಳೋ ಮುಂಚೆ ಟೂರಿಗೆ ಹೋದರು. ತಿರುಪತಿ ಅಂತಾರೆ, ಗೋವಾ ಅಂತಾರೆ. ಅವರು ಆ ಕಡೆ ಹಾರಿದರೆ ಸದಸ್ಯತ್ವ ಹೋಗಲ್ವಾ?
– ಗುರುಮಠಕಲ್

ಹೋಗಲ್ಲ. ಪಕ್ಷಾಂತರ ತಡೆ ಕಾನೂನು ನಗರ ಸಂಸ್ಥೆಗಳಿಗೆ, ತಾಲ್ಲೂಕು-ಜಿಲ್ಲಾ ಪಂಚಾಯಿತಿಗೆ ಇದೆ. ಪಕ್ಷವೇ ಇಲ್ಲದ ಗ್ರಾಮ ಪಂಚಾಯಿತಿಯಲ್ಲಿ ಇಂಥವರಿಗೇ ಮತ ಹಾಕಿ ಅಂತ ವಿಪ್ ಕೊಡೋರು ಯಾರು? ಅಧ್ಯಕ್ಷರನ್ನು ಆರಿಸೋದು ಸದಸ್ಯರು, ಅವಧಿ 30 ತಿಂಗಳು. ಆ ಮತ ಕೈತಪ್ಪಬಾರದು ಅಂತಲೇ ಶ್ರೀಶೈಲ, ತುಳಜಾಪುರ, ಗೋವಾ ಟೂರು ಎಲ್ಲ. ಆದರೆ ಟೂರು ಮಾಡಿಸಿದವರ ಲೆಕ್ಕ ತಪ್ಪಿಸೋದೂ ಒಂದಿದೆ, ಅಧ್ಯಕ್ಷ ಸ್ಥಾನದ ಮೀಸಲಾತಿ. ಕುರ್ಚಿ ಪರಿಶಿಷ್ಟ ಪಂಗಡದ ಮಹಿಳೆಗೆ ಅಂತ ಬಂದು, ಇಡೀ ಪಂಚಾಯಿತಿಯಲ್ಲಿ ಆ ವರ್ಗದವರು ಒಬ್ಬರೇ ಗೆದ್ದಿದ್ದರೆ ಮುಗೀತು, ಅವರೇ ಅಧ್ಯಕ್ಷೆ. ಯಾರೂ ಗಾಡಿಗೆ ಹತ್ತಿಸದೆ ಊರಲ್ಲೇ ಬಿಟ್ಟು ಹೋದವರು, ತೊಗರಿ ಹೊಲದಿಂದ ನೇರ ಬಂದು ಆ ಕುರ್ಚಿ ಮೇಲೆ ಕೂತ್ಕೋತಾರೆ. ನನಗಂತೂ ಇಂಥ ಫಲಿತಾಂಶವೇ ಇಷ್ಟ.

ನಮ್ಮ ವಾರ್ಡಿನಲ್ಲಿ ಒಬ್ಬರಿಗೆ ಸೊನ್ನೆ ಮತ. ಅವರ ಹೆಂಡತಿಯೂ ಹಾಕಿಲ್ವಾ ಸರ್?
– ಸೇಡಂ

ಪಾಪ, ಅವರ ಮನೆಯಲ್ಲಿ ಜಗಳ ಹಚ್ಚಬೇಡಿ. ಅದೇ ಪಂಚಾಯಿತಿಯ ಯಾವ ವಾರ್ಡಿನ ಮತದಾರರಾದರೂ ಇನ್ನೊಂದು ವಾರ್ಡಿನಲ್ಲಿ ನಿಲ್ಲಬಹುದು. ಗಂಡ-ಹೆಂಡತಿ ಇಬ್ಬರ ಮತವೂ ಪಕ್ಕದ ವಾರ್ಡಿನಲ್ಲಿ ಇರಬಹುದು. ಆದರೆ ನಾಮಪತ್ರಕ್ಕೆ ಸೂಚಕ ಅಂತ ಸಹಿ ಹಾಕಿದವರ ಮತ ಇರೋದು ಮಾತ್ರ ನಿಮ್ಮ ವಾರ್ಡಿನಲ್ಲೇ. ಕೇಳೋದಿದ್ದರೆ ಅವರನ್ನು ಕೇಳಿ.