ಸ್ಕ್ಯಾನಿಂಗ್ ಮಷೀನು, ಕಾರ್ ಟೆಸ್ಟಿಂಗು, ಎರಡಕ್ಕೂ ಒಬ್ಬನೇ ಇಂಜಿನಿಯರ್ರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾರ್, ಒಬ್ಬ ಇಂಜಿನಿಯರ್ ಪೇಟೆಂಟ್ ಲಿಸ್ಟ್ ನೋಡ್ತಿದ್ದೆ. ಅರ್ಧ ಎಂಆರ್‌ಐ, ಸಿಟಿ ಸ್ಕ್ಯಾನ್ ಬಗ್ಗೆ, ಇನ್ನರ್ಧ ಕಾರು ಅಲ್ಲಾಡಿಸಿ ಟೆಸ್ಟ್ ಮಾಡೋ ಮಷೀನ್ ಬಗ್ಗೆ. ಡಾಕ್ಟರ್ ಕೆಲಸ ಎಲ್ಲಿ, ಗಾಡಿ ಕೆಲಸ ಎಲ್ಲಿ? ನಿಜವಾಗ್ಲೂ ಒಬ್ಬರೇ ಕಂಡುಹಿಡಿದಿರ್ತಾರಾ, ಇಲ್ಲ ಟೀಮಲ್ಲಿ ಹೆಸರು ತೂರಿಸ್ಕೊಂಡಿರ್ತಾರಾ?

ಉತ್ತರ: ಹೆಸರು ತೂರಿಸೋದು ಇಲ್ಲವೇ ಇಲ್ಲ ಅಂತ ನಾನೇನೂ ಪ್ರಮಾಣ ಮಾಡಲ್ಲ ಬಿಡಿ, ಆದ್ರೆ ಈ ಎರಡು ಫೀಲ್ಡು ಒಟ್ಟಿಗೆ ಬಂದಿದ್ದು ನೋಡಿ ನನಗೆ ಅನುಮಾನ ಬರಲಿಲ್ಲ. ಹೊರಗಿಂದ ನೋಡೋರಿಗೆ ಒಂದು ಆಸ್ಪತ್ರೆ, ಇನ್ನೊಂದು ಗ್ಯಾರೇಜು, ಒಳಗಡೆ ಕೂತು ಕೆಲಸ ಮಾಡೋನಿಗೆ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ತಲೆನೋವು, ಒಳಗೆ ಏನಾಗ್ತಿದೆ ಅಂತ ನೇರವಾಗಿ ನೋಡೋಕಾಗಲ್ಲ, ಹೊರಗೆ ಸಿಕ್ಕಿರೋ ಅಳತೆ ಇಟ್ಕೊಂಡು ಹಿಂದಕ್ಕೆ ಲೆಕ್ಕ ಹಾಕ್ಬೇಕು.

ಮೊದಲ ಸಿಟಿ ಮಷೀನನ್ನೇ ತಗೊಳ್ಳಿ. ಇಂಗ್ಲೆಂಡಿನ ಇಎಂಐ ಕಂಪನಿಯ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮಾಡಿದ್ದು. ತಲೆಯ ಒಂದು ಪಕ್ಕದಿಂದ ಸಣ್ಣ ಎಕ್ಸ್‌ರೇ ಕಿರಣ ಬಿಡೋದು, ಇನ್ನೊಂದು ಪಕ್ಕ ಎಷ್ಟು ಬಂತು ಅಂತ ಅಳೆಯೋದು, ಹೀಗೆ ಅಡ್ಡಡ್ಡ ಸರೀತಾ 160 ಅಳತೆ, ಆಮೇಲೆ ಇಡೀ ಸೆಟ್ಟನ್ನ ಒಂದು ಡಿಗ್ರಿ ತಿರುಗಿಸಿ ಮತ್ತೆ 160, ಹಾಗೇ 180 ಸಲ. ಒಟ್ಟು 28,800 ಅಳತೆ ಆಯ್ತಾ? ಅದರಿಂದ ತೆಗೀಬೇಕಾಗಿದ್ದು 80 ಅಡ್ಡ 80 ಉದ್ದ, ಅಂದ್ರೆ 6,400 ಚೌಕಗಳಲ್ಲಿ ಒಂದೊಂದರ ಸಾಂದ್ರತೆ. ಮೊದಲು ಒಂದು ಊಹೆ, ಆ ಊಹೆ ಸರಿ ಇದ್ದಿದ್ರೆ ಅಳತೆ ಎಷ್ಟು ಬರಬೇಕಿತ್ತು ಅಂತ ಲೆಕ್ಕ, ನಿಜವಾದ ಅಳತೆಗೂ ಅದಕ್ಕೂ ಇರೋ ವ್ಯತ್ಯಾಸ ನೋಡಿ ಊಹೆಯನ್ನ ತಿದ್ದೋದು, ಮತ್ತೆ ಹೋಲಿಸೋದು.

ಈಗ ಕಾರಿನ ಕಡೆ ಬನ್ನಿ. ಹಾಳು ರೋಡಲ್ಲಿ ಕಾರು ಓಡಿಸಿ ಅಲ್ಲಲ್ಲಿ ಸೆನ್ಸರ್ ಹಚ್ಚಿ ರೆಕಾರ್ಡ್ ಮಾಡ್ಕೊಂಡು ಬರ್ತಾರೆ. ಲ್ಯಾಬಲ್ಲಿ ನಾಲ್ಕು ಚಕ್ರದ ಕೆಳಗೆ ನಾಲ್ಕು ಹೈಡ್ರಾಲಿಕ್ ಕಂಬ ಇರತ್ತೆ, ಅದು ಕಾರನ್ನ ಥೇಟ್ ಆ ರೋಡಿನ ಹಾಗೇ ಕುಲುಕ್ಬೇಕು. ಕಂಬಕ್ಕೆ ಯಾವ ಸಿಗ್ನಲ್ ಕೊಟ್ರೆ ಸೀಟಿನ ಕೆಳಗಿನ ಸೆನ್ಸರಲ್ಲಿ ಅದೇ ರೀಡಿಂಗ್ ಬರತ್ತೆ? ಸಸ್ಪೆನ್ಷನ್ನಲ್ಲಿ ರಬ್ಬರ್ ಬುಷ್ಷು, ಡ್ಯಾಂಪರ್ರು ಅಂತ ಏನೇನೋ ಇರೋದ್ರಿಂದ ಎರಡರಷ್ಟು ತಳ್ಳಿದ್ರೆ ಎರಡರಷ್ಟೇ ಅಲ್ಲಾಡತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೆ ಇಲ್ಲೂ ಒಂದು ಅಂದಾಜು ಸಿಗ್ನಲ್ ಕೊಡ್ತಾರೆ, ಬಂದ ರೀಡಿಂಗನ್ನ ರೋಡಿನ ರೀಡಿಂಗ್ ಜೊತೆ ಹೋಲಿಸ್ತಾರೆ, ವ್ಯತ್ಯಾಸದಲ್ಲಿ ಒಂದು ಪಾಲು ಮಾತ್ರ ತಿದ್ದಿ ಮತ್ತೆ ಓಡಿಸ್ತಾರೆ. ಪೂರ್ತಿ ತಿದ್ದೋಕೆ ಹೋದ್ರೆ ಸಿಗ್ನಲ್ ಹದ್ದು ಮೀರಿ ಕಾರಿಗೇ ಪೆಟ್ಟು ಬೀಳೋ ಚಾನ್ಸ್ ಇರತ್ತೆ. ಆ ಲೆಕ್ಕ ಒಂದ್ಸಲ ಕೈಗೆ ಹತ್ತಿದ ಇಂಜಿನಿಯರ್ರು ಇಲ್ಲಿಂದ ಅಲ್ಲಿಗೆ ಹೋದ್ರೆ ಹೊಸದಾಗಿ ಕಲಿಯೋದು ಯಂತ್ರವನ್ನ, ಲೆಕ್ಕವನ್ನಲ್ಲ.

ಪ್ರಶ್ನೆ: ಎಂಆರ್‌ಐ ಒಳಗೆ ಮಲಗಿದಾಗ ಡಗಡಗ ಅಂತ ಅಷ್ಟು ಸದ್ದು ಯಾಕೆ? ಒಳಗೆ ಏನೋ ತಿರುಗತ್ತಾ?

ಉತ್ತರ: ಸಿಟಿಯಲ್ಲಿ ತಿರುಗತ್ತೆ, ಎಂಆರ್‌ಐನಲ್ಲಿ ಅಂಥದ್ದೇನೂ ತಿರುಗಲ್ಲ. ದೊಡ್ಡ ಮ್ಯಾಗ್ನೆಟ್ ಒಳಗೆ ಗ್ರೇಡಿಯೆಂಟ್ ಕಾಯಿಲ್ ಅಂತ ತಾಮ್ರದ ಸುರುಳಿಗಳಿರತ್ತೆ, ಅದಕ್ಕೆ ನೂರಾರು ಆಂಪಿಯರ್ ಕರೆಂಟನ್ನ ಪಟಪಟ ಅಂತ ಹಾಕಿ ತೆಗೀತಾರೆ. ಮ್ಯಾಗ್ನೆಟ್ ಜಾಗದಲ್ಲಿ ತಂತಿಗೆ ಕರೆಂಟ್ ಹರಿಸಿದ್ರೆ ತಂತಿ ಮೇಲೆ ತಳ್ಳು ಬೀಳತ್ತೆ, ಸುರುಳಿ ನಡುಗತ್ತೆ, ಆ ನಡುಕಾನೇ ಸದ್ದು. 100 ಡೆಸಿಬಲ್ ದಾಟೋದೂ ಉಂಟು, ಕಿವಿಗೆ ಪ್ಲಗ್ ಕೊಡೋದು ಇದಕ್ಕೇ.

ಮೇಲಿನ ಪ್ರಶ್ನೆಗೂ ಇದಕ್ಕೂ ನಂಟಿದೆ ನೋಡಿ, ಗಾಡಿ ಬಿಡಿಭಾಗಗಳನ್ನ ಅಲ್ಲಾಡಿಸಿ ಟೆಸ್ಟ್ ಮಾಡೋಕೆ ಶೇಕರ್ ಅಂತ ಒಂದು ಮಷೀನಿದೆ, ಅದು ಕೆಲಸ ಮಾಡೋದೂ ಇದೇ ತತ್ವದ ಮೇಲೆ, ಮ್ಯಾಗ್ನೆಟ್ ನಡುವೆ ಸುರುಳಿ, ಸುರುಳಿಗೆ ಕರೆಂಟು. ಅಲ್ಲಿ ಚೆನ್ನಾಗಿ ನಡುಗಲಿ ಅಂತ ಒದ್ದಾಡ್ತಾರೆ, ಇಲ್ಲಿ ನಡುಗದೇ ಇರಲಿ ಅಂತ ಒದ್ದಾಡ್ತಾರೆ. ಎಂಆರ್‌ಐ ಸದ್ದು ಕಮ್ಮಿ ಮಾಡೋಕೆ ಅಂತಲೇ ಪೇಟೆಂಟ್ ರಾಶಿ ಇದೆ, ಅದನ್ನ ಗಾಡಿಗಳ ವೈಬ್ರೇಶನ್ ಬಲ್ಲೋರು ಬರೆದ್ರೆ ಆಶ್ಚರ್ಯ ಏನಿಲ್ಲ.

ಪ್ರಶ್ನೆ: ಎರಡೂ ಕಡೆ ಹೆಸರು ಮಾಡಿದವರು ಇತಿಹಾಸದಲ್ಲಿ ಯಾರಾದ್ರೂ ಇದ್ದಾರಾ?

ಉತ್ತರ: ಇದ್ದಾರೆ, ಅಮೆರಿಕದ ಸ್ಯಾಮ್ಯುಯೆಲ್ ಆಲ್ಡರ್ಸನ್. ಕ್ರ್ಯಾಶ್ ಟೆಸ್ಟಲ್ಲಿ ಕಾರೊಳಗೆ ಕೂರಿಸ್ತಾರಲ್ಲ ಮನುಷ್ಯನ ಆಕಾರದ ಡಮ್ಮಿ, ಅದರ ಹಿಂದಿನ ಮುಖ್ಯ ಹೆಸರು ಇವರದು. 1952ರಲ್ಲಿ ಸ್ವಂತ ಕಂಪನಿ ಶುರು ಮಾಡಿದ್ರು, ಮೊದಮೊದಲು ಕೆಲಸ ವಿಮಾನದಿಂದ ಪೈಲಟ್ಟನ್ನ ಹೊರಕ್ಕೆ ಚಿಮ್ಮಿಸೋ ಸೀಟುಗಳ ಟೆಸ್ಟಿಗೆ ಬೇಕಾದ ಡಮ್ಮಿ, ಕಾರಿನವರು ಬಂದಿದ್ದು ಆಮೇಲೆ. 1968ರಲ್ಲಿ ಕಾರಿಗೆ ಅಂತಲೇ ವಿಐಪಿ ಅನ್ನೋ ಡಮ್ಮಿ ಬಂತು.

ಅದೇ ಮನುಷ್ಯ ಆಸ್ಪತ್ರೆಗೂ ಡಮ್ಮಿ ಮಾಡಿದ್ರು! ರ್‍ಯಾಂಡೋ ಫ್ಯಾಂಟಮ್ ಅಂತ ಹೆಸರು. ನಿಜವಾದ ಮನುಷ್ಯರ ಅಸ್ಥಿಪಂಜರವನ್ನ ಮಾಂಸಖಂಡದ ಹಾಗೇ ಎಕ್ಸ್‌ರೇ ಹೀರ್ಕೊಳ್ಳೋ ಪ್ಲಾಸ್ಟಿಕ್ಕಲ್ಲಿ ಎರಕ ಹೊಯ್ದು, ಆ ಮುಂಡವನ್ನ ಎರಡೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆ ಬಿಲ್ಲೆಯಾಗಿ ಕೊಯ್ದಿರ್ತಾರೆ, ಪ್ರತಿ ಬಿಲ್ಲೆಯಲ್ಲೂ ಸಾಲಾಗಿ ತೂತು. ತೂತಿನೊಳಗೆ ರೇಡಿಯೇಶನ್ ಅಳೆಯೋ ಪುಟ್ಟ ಹರಳು ಇಟ್ಟು, ಬಿಲ್ಲೆಗಳನ್ನ ಮತ್ತೆ ಜೋಡಿಸಿ, ಮಷೀನ್ ಕೆಳಗೆ ಮಲಗಿಸಿ, ಯಾವ ಅಂಗಕ್ಕೆ ಎಷ್ಟು ಡೋಸ್ ಬಿತ್ತು ಅಂತ ನೋಡೋದು. ಕ್ರ್ಯಾಶ್ ಡಮ್ಮಿಯ ತಲೆಯೊಳಗೆ ವೇಗದ ಬದಲಾವಣೆ ಅಳೆಯೋ ಸೆನ್ಸರ್ ಇಡ್ತಾರೆ, ಇದರಲ್ಲಿ ಹರಳು ಇಡ್ತಾರೆ. ಜೀವ ಇರೋ ಮನುಷ್ಯನ ಮೇಲೆ ಮಾಡಬಾರದ ಪ್ರಯೋಗಕ್ಕೆ ಬದಲಿ ದೇಹ ಬೇಕು, ಅದು ಸುಮ್ನೆ ಆಕಾರದಲ್ಲಿ ಮನುಷ್ಯನ ಹಾಗಿದ್ರೆ ಸಾಲದು, ಪೆಟ್ಟಿಗೋ ಕಿರಣಕ್ಕೋ ಮನುಷ್ಯನ ಹಾಗೇ ಸ್ಪಂದಿಸ್ಬೇಕು. ನನ್ನ ಪ್ರಕಾರ ಆಲ್ಡರ್ಸನ್‌ಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ.

ಪ್ರಶ್ನೆ: ಸಿಟಿ ಸ್ಕ್ಯಾನ್ ಲೆಕ್ಕ ಮೊದಲು ಹಾಕಿದ್ದು ಹೌನ್ಸ್‌ಫೀಲ್ಡ್ ಅಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಹಾಗಾದ್ರೆ ಪೇಟೆಂಟ್ ಹೆಂಗೆ ಸಿಕ್ತು?

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ್ದು ಸರಿ. ಅಲನ್ ಕಾರ್ಮ್ಯಾಕ್ ಅನ್ನೋ ಭೌತವಿಜ್ಞಾನಿ 1963 ಮತ್ತು 64ರಲ್ಲೇ ಲೇಖನ ಬರೆದಿದ್ರು, ಆವಾಗ ಹೆಚ್ಚುಕಮ್ಮಿ ಯಾರೂ ಕ್ಯಾರೇ ಅನ್ನಲಿಲ್ಲ. ಅದಕ್ಕೂ ಹಿಂದೆ, 1917ರಲ್ಲೇ ರಾಡಾನ್ ಅನ್ನೋ ಗಣಿತಜ್ಞ ಅದರ ಮೂಲ ಗಣಿತ ಬಿಡಿಸಿಟ್ಟಿದ್ರು. ಆದ್ರೆ ಬರೀ ಗಣಿತಕ್ಕೆ ಪೇಟೆಂಟ್ ಕೊಡಲ್ಲ. ಹೌನ್ಸ್‌ಫೀಲ್ಡ್ 1968ರಲ್ಲಿ ಅರ್ಜಿ ಹಾಕಿದ್ದು ಕಿರಣ ಎಲ್ಲಿಂದ ಬರ್ಬೇಕು, ಡಿಟೆಕ್ಟರ್ ಹೆಂಗೆ ಸರೀಬೇಕು, ಅಳತೆಯಿಂದ ಚಿತ್ರ ಹೆಂಗೆ ಬರ್ಬೇಕು ಅಂತ ಇಡೀ ಉಪಕರಣ ಮತ್ತು ವಿಧಾನಕ್ಕೆ. 1972ರಲ್ಲಿ ಪೇಟೆಂಟ್ ಸಿಕ್ತು, ಅಷ್ಟರಲ್ಲಿ 1971ರ ಅಕ್ಟೋಬರ್ 1ಕ್ಕೆ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನೂ ಆಗಿತ್ತು. ಆ ಮಷೀನಲ್ಲಿ ರೋಗಿ ತಲೆ ಸುತ್ತ ನೀರು ತುಂಬಿದ ರಬ್ಬರ್ ಟೋಪಿ ಇರ್ತಿತ್ತು, ಯಾಕಂದ್ರೆ ಕಿರಣ ಬರೀ ಗಾಳಿಯಲ್ಲಿ ಹಾದುಬಂದ್ರೆ ಒಂದು ಅಳತೆ, ಬುರುಡೆ ದಾಟಿಬಂದ್ರೆ ಇನ್ನೊಂದು, ಅಷ್ಟು ದೊಡ್ಡ ಅಂತರವನ್ನ ಆಗಿನ ಡಿಟೆಕ್ಟರ್ ಸಂಭಾಳಿಸ್ತಿರ್ಲಿಲ್ಲ. 1979ರ ನೊಬೆಲ್ ಹೌನ್ಸ್‌ಫೀಲ್ಡ್‌ಗೂ ಕಾರ್ಮ್ಯಾಕ್‌ಗೂ ಒಟ್ಟಿಗೆ ಬಂತು. ಅಂದಹಾಗೆ ಹೌನ್ಸ್‌ಫೀಲ್ಡ್‌ಗೆ ಯೂನಿವರ್ಸಿಟಿ ಡಿಗ್ರಿ ಇರ್ಲಿಲ್ಲ, ಡಿಪ್ಲೊಮಾ ಅಷ್ಟೇ.

ಪ್ರಶ್ನೆ: ಪೇಟೆಂಟ್ ಇದ್ರೆ ದುಡ್ಡು ಬಂದೇ ಬರತ್ತಾ?

ಉತ್ತರ: ಇಲ್ಲ. ಕಂಪನಿಯಲ್ಲಿ ಕೆಲಸ ಮಾಡ್ತಿದ್ರೆ ಸಾಮಾನ್ಯವಾಗಿ ಸಂಶೋಧಕ ಅಂತ ನಿಮ್ಮ ಹೆಸರು ಇರತ್ತೆ, ಮಾಲೀಕತ್ವ ಕಂಪನಿದು. ಇನ್ನು ಪೇಟೆಂಟಲ್ಲಿ ತೂಕ ಇರೋದು ಕೊನೆಯಲ್ಲಿ ಬರೋ ಕ್ಲೈಮುಗಳಿಗೆ, ಅಂದ್ರೆ ಇಷ್ಟು ನನ್ನದು ಅಂತ ಹೇಳೋ ವಾಕ್ಯಗಳಿಗೆ, ಅದು ಜಮೀನಿಗೆ ಹದ್ದುಬಸ್ತು ಹಾಕಿದ ಹಾಗೆ, ಗೆರೆ ಒಳಗಿರೋದು ಮಾತ್ರ ನಿಮ್ದು. ರೇಮಂಡ್ ಡಮೇಡಿಯನ್ ಅನ್ನೋ ಡಾಕ್ಟರ್ 1972ರಲ್ಲಿ ಎಂಆರ್, ಅಂದ್ರೆ ಎಂಆರ್‌ಐ ಹಿಂದಿರೋ ಮ್ಯಾಗ್ನೆಟಿಕ್ ರೆಸೊನೆನ್ಸ್ ತತ್ವ, ಬಳಸಿ ಕ್ಯಾನ್ಸರ್ ಪತ್ತೆ ಮಾಡೋದಕ್ಕೆ ಅರ್ಜಿ ಹಾಕಿ 1974ರಲ್ಲಿ ಪೇಟೆಂಟ್ ತಗೊಂಡ್ರು. ಅವರ ಕಂಪನಿ ಫೋನಾರ್, ಜನರಲ್ ಎಲೆಕ್ಟ್ರಿಕ್ ಮೇಲೆ ಕೇಸ್ ಹಾಕಿ ವರ್ಷಗಟ್ಟಲೆ ಗುದ್ದಾಡಿ 1997ರಲ್ಲಿ ಸುಮಾರು 12 ಕೋಟಿ 87 ಲಕ್ಷ ಡಾಲರ್ ಗೆದ್ರು. ಅದರಲ್ಲಿ ಒಂದು ಪಾಲು ಬಂದಿದ್ದು ಒಂದೇ ಸ್ಕ್ಯಾನಲ್ಲಿ ಬೇರೆ ಬೇರೆ ಕೋನದ ಚಿತ್ರ ತೆಗೆಯೋ ಇನ್ನೊಂದು ಪೇಟೆಂಟಿನಿಂದ, ಬೆನ್ನುಮೂಳೆ ಡಿಸ್ಕ್ ನೋಡೋಕೆ ಅದು ಬಹಳ ಬೇಕಾಗತ್ತೆ. 2003ರಲ್ಲಿ ಎಂಆರ್‌ಐಗೆ ನೊಬೆಲ್ ಬಂದಾಗ ಮಾತ್ರ ಲಾಟರ್ಬರ್, ಮ್ಯಾನ್ಸ್‌ಫೀಲ್ಡ್ ಅನ್ನೋ ಇಬ್ಬರು ವಿಜ್ಞಾನಿಗಳಿಗೇ ಕೊಟ್ರು, ಡಮೇಡಿಯನ್ ಪೇಪರಲ್ಲಿ ಪುಟ ತುಂಬ ಜಾಹೀರಾತು ಹಾಕಿ ಪ್ರತಿಭಟಿಸಿದ್ರು.

ಪ್ರಶ್ನೆ: ನನ್ನ ಮಗಳು ಇಂಜಿನಿಯರಿಂಗ್ ಕೊನೆ ವರ್ಷ, ಬ್ರೇಕ್ ಟೆಸ್ಟ್ ಮಾಡೋಕೆ ಒಂದು ಸೆನ್ಸರ್ ಐಡಿಯಾ ಮಾಡಿದ್ದಾಳೆ. ವಿಡಿಯೋ ಮಾಡಿ ಹಾಕ್ಲಾ ಅಂತ ಕೇಳ್ತಾಳೆ. ಹಾಕಬಹುದಾ?

ಉತ್ತರ: ಪೇಟೆಂಟ್ ಬೇಕು ಅಂತಿದ್ರೆ ಬೇಡಮ್ಮ, ಈಗ್ಲೇ ಬೇಡ. ಅರ್ಜಿ ಹಾಕೋ ಮುಂಚೆ ನಾಲ್ಕು ಜನರ ಮುಂದೆ ಬಿಚ್ಚಿಟ್ರೆ ಹೊಸತನ ಹೋಯ್ತು ಅಂತ ಎಷ್ಟೋ ದೇಶಗಳಲ್ಲಿ ಅರ್ಜಿ ಬಿದ್ದುಹೋಗತ್ತೆ, ತೋರಿಸಿದ್ದು ನೀವೇ ಆದ್ರೂ ಸರಿ. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ, ಯುರೋಪಲ್ಲಿ ಅಂಥ ಸಡಿಲ ಇಲ್ಲ. ಕಾಲೇಜ್ ಪ್ರಾಜೆಕ್ಟ್ ರಿಪೋರ್ಟು ಲೈಬ್ರರಿಗೆ ಹೋಗೋದೂ ಬಹಿರಂಗ ಅಂತ ಲೆಕ್ಕಕ್ಕೆ ಬರಬಹುದು, ಅದನ್ನೂ ಗೈಡ್ ಹತ್ರ ಕೇಳ್ಕೊಳ್ಳಿ. ಮೊದಲು ಹಳೇ ಪೇಟೆಂಟುಗಳನ್ನ ಹುಡುಕ್ಲಿ, ಅದೇ ಐಡಿಯಾ ಮೂವತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟಿರೋದು ಸಿಗೋದು ಮಾಮೂಲಿ, ಸಿಕ್ಕಿದ್ರೂ ಬೇಜಾರ್ ಬೇಡ, ಅವಧಿ ಅರ್ಜಿಯಿಂದ 20 ವರ್ಷ ಅಷ್ಟೇ ಆಗಿರೋದ್ರಿಂದ ಅಂಥ ಹಳೇದನ್ನ ಬಿಡುಬೀಸಾಗಿ ಬಳಸ್ಕೊಂಡು ಅದರ ಮೇಲೆ ತನ್ನ ಸುಧಾರಣೆಗೆ ಅರ್ಜಿ ಹಾಕಬಹುದು. ಅರ್ಜಿ ನಂಬರ್ ಕೈಗೆ ಬಂದ ಮೇಲೆ ವಿಡಿಯೋ ಧಾರಾಳವಾಗಿ ಹಾಕ್ಲಿ.